ಚಂದಕ್ಕೆ ಬಾಗಿದ ಬದು

ಮೂವತ್ತು ವರ್ಷ ಗಂಗಾವತಿಯ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದ ನಾನು, ಕಲಾಲೋಕಕ್ಕೆ ಒಂದು ಹೊಸ ಕಾಣಿಕೆ ಕೊಡಲು ನಿರ್ಧರಿಸಿದೆ. ಆಕಾಶದಿಂದ ತೆಗೆದ ಫೋಟೊ ನೋಡಿ ಹೊಲಗಳ ಚಿತ್ರ ಬರೆಯುವುದು! ಬೇವೂರಿನಲ್ಲಿ ನನ್ನ ಹೆಂಡತಿಯ ತಮ್ಮ ಶರಣಪ್ಪನ ಮಗಳ ಮದುವೆಗೆ ಬಂದಿದ್ದ ಡ್ರೋನ್, ಅವನ ಹೊಲವನ್ನೂ ಹಿಡಿದಿತ್ತು. ಆ ಫೋಟೊ ತರಿಸಿಕೊಂಡೆ.

ಫೋಟೊದಲ್ಲಿ ದೋಷ ಒಂದೇ. ಶರಣಪ್ಪನ ಹೊಲಕ್ಕೂ ಪಕ್ಕದ ದೇವಪ್ಪನ ಹೊಲಕ್ಕೂ ನಡುವಿನ ಬದು ಅಡಿಪಟ್ಟಿ ಇಟ್ಟು ಎಳೆದಂತೆ ನೆಟ್ಟಗಿತ್ತು. ಅದರಲ್ಲಿ ಕಲೆ ಎಲ್ಲಿ ಬಂತು? ಚಿತ್ರದಲ್ಲಿ ಅದನ್ನು ದೇವಪ್ಪನ ಕಡೆಗೆ ಎರಡು ಬೆರಳು ಬಾಗಿಸಿದೆ. ಎಂಥ ಲಾಲಿತ್ಯ!

ಹೆಂಡತಿ ಗಂಗಮ್ಮ ಮಾತ್ರ ಅನುಮಾನದಿಂದ ನೋಡಿ, ಇದನ್ನು ತನ್ನ ತವರಿಗೆ ಒಯ್ಯಬೇಡಿ ಎಂದಳು. ಕಲೆ ಗೊತ್ತಿಲ್ಲದವಳು ಎಂದುಕೊಂಡು, ಸುರುಳಿ ಸುತ್ತಿ ಒಯ್ದೆ.

ಶರಣಪ್ಪನ ಪಡಸಾಲೆಯಲ್ಲಿ ಬಿಚ್ಚಿದಾಗ ದೇವಪ್ಪನೂ ಅಲ್ಲೇ ಇದ್ದ. ಇಬ್ಬರದೂ ಒಂದೊಂದೇ ಎತ್ತು. ಕೂಡಿಸಿ ಜೋಡಿ ಮಾಡಿ ಎರಡೂ ಹೊಲ ಬಿತ್ತುವುದು ಅವರ ರೂಢಿ. ಮರುದಿನವೇ ಜೋಳದ ಬಿತ್ತನೆ. ದೇವಪ್ಪ ಚಿತ್ರವನ್ನು ಬಹಳ ಹೊತ್ತು ನೋಡಿದ. ನಾನು ಹೊಗಳಿಕೆಗೆ ಕಾದೆ.

"ಮ್ಯಾಲಿಂದ ನೋಡಿದ್ರ ಎಲ್ಲಾ ಕಾಣ್ತೈತಿ ಬಿಡ್ರಿ ಮಾಸ್ತರ" ಎಂದವನೇ, ಶರಣಪ್ಪನ ಕೊಟ್ಟಿಗೆಯಿಂದ ತನ್ನ ಎತ್ತು ಬಿಚ್ಚಿಕೊಂಡು ನಡೆದ.

ಶರಣಪ್ಪ ಬದು ಒತ್ತಿ ತನ್ನ ನೆಲ ನುಂಗಿದ್ದಾನೆಂದು ದೇವಪ್ಪನಿಗೆ ಗುಮಾನಿ. ದೇವಪ್ಪನೇ ಹೇಳಿ ನನ್ನಿಂದ ಹೀಗೆ ಬರೆಸಿದ್ದಾನೆಂದು ಶರಣಪ್ಪನಿಗೆ ಗುಮಾನಿ. ಆ ದಿನ ನನ್ನ ಚಹಾಕ್ಕೆ ಸಕ್ಕರೆ ಇರಲಿಲ್ಲ. ಅದರ ಬಗ್ಗೆ ನನಗೂ ಗುಮಾನಿ.

ದೇವಪ್ಪನ ಮನೆಗೆ ಓಡಿದೆ. ಚಂದಕ್ಕೆಂದು ನಾನೇ ಬಾಗಿಸಿದ್ದು ಎಂದು ತಪ್ಪೊಪ್ಪಿಕೊಂಡು ಫೋಟೊ ತೋರಿಸಿದೆ. ಆ ಫೋಟೊವನ್ನೇ ನಾನು ಈಗ ತಿದ್ದಿಸಿ ತಂದಿದ್ದೇನೆಂದು ಅವನ ವಾದ!

"ಚಂದ ಕಾಣ್ಲಿ ಅಂತ ಯಾರರ ಬದು ಸೊಟ್ಟ ಮಾಡ್ತಾರೇನ್ರಿ?"

ಕಲೆಯ ಬಗ್ಗೆ ನನಗೆ ಎದುರಾದ ಅತ್ಯಂತ ಕಠಿಣ ಪ್ರಶ್ನೆ ಅದು. ಫೋಟೊ ಜೇಬಿಗಿಟ್ಟು ಹಿಂದಿರುಗಿದೆ.

ನೆಲದ ಹಸಿ ಆರುತ್ತಿತ್ತು. ಎರಡು ಎತ್ತು ಎರಡು ಮನೆಯಲ್ಲಿ ಮೇವು ತಿನ್ನುತ್ತ ನಿಂತಿದ್ದವು. ನನಗೆ ನಿಜಕ್ಕೂ ಭಯವಾಯಿತು. ಮೂರನೆಯ ದಿನ ಊರ ಹಿರಿಯರು ಗಡಿಯ ಒಂದು ಬಾಂದಕಲ್ಲಿನಿಂದ ಇನ್ನೊಂದಕ್ಕೆ ಹಗ್ಗ ಕಟ್ಟಿದರು. ಬದು ಹಗ್ಗದ ಕೆಳಗೇ ನೆಟ್ಟಗೆ ಮಲಗಿತ್ತು. ಹೋದ ಜೀವ ಬಂತು.

ಆದರೂ ದೇವಪ್ಪ ಎತ್ತು ಕೊಡಲಿಲ್ಲ. "ಈ ಚಿತ್ರ ಹಿಂಗ ಉಳದ್ರ ನಾಳೆ ನಮ್ಮ ಮಕ್ಕಳು ಬಡದಾಡ್ತಾರ. ಮೊದಲ ತಿದ್ರಿ."

ತಿದ್ದಲು ಕುಳಿತೆ. ಎಡಕ್ಕೆ ಒಬ್ಬ, ಬಲಕ್ಕೆ ಒಬ್ಬ, ನಾಲ್ಕೂ ಕಣ್ಣು ನನ್ನ ಬೆರಳ ಮೇಲೆ. ಮೂವತ್ತು ವರ್ಷ ಮಕ್ಕಳಿಗೆ ನೆಟ್ಟಗೆ ಗೆರೆ ಎಳೆಯಲು ಕಲಿಸಿದ ಕೈ ನನ್ನದು. ಆದರೂ ಗೆರೆ ಈ ಸಲ ಶರಣಪ್ಪನ ಕಡೆ ವಾಲಿತು! ಅವನು ಕುಂಚ ಕಸಿದುಕೊಂಡ. ದೇವಪ್ಪ ಅಡಿಪಟ್ಟಿ ಒತ್ತಿ ಹಿಡಿದ. ಇಬ್ಬರೂ ಕೂಡಿ ಬದು ಎಳೆದರು.

ಅಂದೇ ಎತ್ತುಗಳು ಜೋಡಿಯಾದವು. ಚಿತ್ರದ ಕೆಳಗೆ ಇಬ್ಬರೂ ಸಹಿ ಹಾಕಿದರು. ಕಲಾವಿದನ ಸಹಿಗೆ ಜಾಗ ಉಳಿಯಲಿಲ್ಲ. ಹಾಳೆ ತಿರುಗಿಸಿ, ಹಿಂದೆ ನನ್ನದೂ ಒಂದು ಹಾಕಿಸಿಕೊಂಡರು. ಸಾಕ್ಷಿ ಎಂದು!