ಯೂನಿಯನ್ ಸಿಟಿಯ ಗಂಡಭೇರುಂಡ

ನಮ್ಮ ಮಾಮು ಅಮೆರಿಕದ ರಾಷ್ಟ್ರಲಾಂಛನದಲ್ಲೇ ತಪ್ಪು ಕಂಡುಹಿಡಿದವರು. ನಂಬಿಕೆ ಬರದಿದ್ದರೆ ಇಲ್ಲಿನ ಯೂನಿಯನ್ ಸಿಟಿಗೆ, ಅವರ ಮಗಳ ಮನೆಗೆ ಬನ್ನಿ, ಚಹಾ ಕೊಟ್ಟು ಒಂದು ಗಂಟೆ ವಿವರಿಸುತ್ತಾರೆ. ನಡುವೆ ಎದ್ದು ಹೋಗಲು ಮಾತ್ರ ಬಿಡುವುದಿಲ್ಲ.

ಮಾಮು ಎಂದರೆ ನನ್ನ ತಾಯಿಯ ಅಣ್ಣ. ಮೈಸೂರಿನಲ್ಲಿ ಮೂವತ್ತು ವರ್ಷ ಸರ್ಕಾರಿ ಬಸ್ಸುಗಳ ಮೇಲೆ ಗಂಡಭೇರುಂಡ ಬರೆದ ಪೇಂಟರ್. ಎರಡು ತಲೆಯ ಆ ಹಕ್ಕಿ ಒಂದು ಕಾಲಕ್ಕೆ ಅರಸರದು, ಈಗ ರಾಜ್ಯದ್ದು. ಮಾಮು ಪ್ರಕಾರ ಅವರ ಸ್ವಂತದ್ದು. ಮನೆಯಲ್ಲಿ ನಮ್ಮ ಮಾತು ಉರ್ದು. ಬಣ್ಣದ ವಿಷಯ ಬಂದರೆ ಮಾಮು ಕನ್ನಡಕ್ಕೆ ಇಳಿಯುತ್ತಾರೆ, ಏಕೆಂದರೆ ಕೆಲಸ ಕಲಿತದ್ದು ಆ ಭಾಷೆಯಲ್ಲಿ. ಬೈಗುಳ ಕಲಿತದ್ದೂ ಅದರಲ್ಲೇ!

ಮಗಳ ಮನೆಗೆ ಬಂದ ವಾರವೇ ಮೊಮ್ಮಗಳ ಪಾಸ್‌ಪೋರ್ಟು ಕೈಗೆ ಸಿಕ್ಕಿತು. ರಟ್ಟಿನ ಮೇಲಿನ ಹದ್ದನ್ನು ಕನ್ನಡಕ ಏರಿಸಿ ನೋಡಿದರು.

“ಒಂದೇ ತಲೆ. ಪೇಂಟರ್‌ಗೆ ಟೈಮ್ ಕೊಡಲಿಲ್ವೇನೋ. ಒಂದು ಕಾಲಲ್ಲಿ ಸೊಪ್ಪು, ಇನ್ನೊಂದರಲ್ಲಿ ಬಾಣ. ಇವರು ಊಟಕ್ಕೆ ಕರೀತಾರೋ, ಹೊಡೀತಾರೋ?”

ಆಲಿವ್ ಕೊಂಬೆ ಶಾಂತಿಗೆ, ಬಾಣ ಯುದ್ಧಕ್ಕೆ ಎಂದೆ. “ನಾನೂ ಅದನ್ನೇ ಹೇಳಿದ್ದು” ಎಂದರು.

ಇನ್ನೊಂದು ದಿನ ಸ್ಯಾನ್ ಮಟಿಯೋ ಕಡೆ ಹೋಗುವಾಗ “ಕಾರು ನಿಲ್ಸು, ನಮ್ಮ ಡಿಪೋ!” ಎಂದು ಕೂಗಿದರು. ನೋಡಿದರೆ ಒಂದು ಹಳೆಯ ಚರ್ಚು, ಬಾಗಿಲ ಮೇಲೆ ಎರಡು ತಲೆಯ ಹದ್ದು. ಪಾದ್ರಿ ಹೊರಬಂದು, ಇದು ಪುರಾತನ ಸಾಮ್ರಾಜ್ಯವೊಂದರಿಂದ ಬಂದದ್ದು, ಒಂದು ತಲೆ ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ ಎಂದು ವಿವರಿಸಿದರು.

“ಆನೆ ಎತ್ತುತ್ತಾ ಕೇಳು” ಎಂದರು ಮಾಮು. ನಮ್ಮ ಹಳೆಯ ಕೆತ್ತನೆಗಳಲ್ಲಿ ಗಂಡಭೇರುಂಡ ಆನೆಗಳನ್ನೇ ಎತ್ತಿಕೊಂಡು ಹಾರುತ್ತದಲ್ಲವೇ? ಇದು ಎತ್ತುವುದಿಲ್ಲವಂತೆ. “ಹಾಗಾದ್ರೆ ಇದು ನಮ್ಮ ಹಕ್ಕಿಗೆ ತಮ್ಮ ಆಗ್ಬೇಕು” ಎಂದು ಪಾದ್ರಿಯ ಕೈ ಕುಲುಕಿ ಬಂದರು.

ಈ ಸಲ ಇಲ್ಲಿನ ಕನ್ನಡಿಗರ ರಾಜ್ಯೋತ್ಸವದ ವೇದಿಕೆಗೆ ಗಂಡಭೇರುಂಡವನ್ನು ತಾನೇ ಬರೆಯುವೆನೆಂದು ಹಟ ಹಿಡಿದರು. ಎವರ್‌ಗ್ರೀನ್ ಬಡಾವಣೆಯಲ್ಲಿ ಉತ್ಸವ ಸಮಿತಿಯ ಮೀಟಿಂಗು. ಅಲ್ಲಿ ಒಬ್ಬರು, “ಇದು ವಿಷ್ಣುವಿನ ರೂಪ ಅಂತಾರೆ ಸಾಹೇಬ್ರೆ, ನೀವು ಬರೆಯೋದು...” ಎಂದು ಎಳೆದರು.

“ಮೂವತ್ತು ವರ್ಷ ಬಸ್ಸಿಗೆ ಬರ್ದಿದ್ದೀನಿ ಸ್ವಾಮಿ. ಯಾರು ಬರೆದಿದ್ದು ಅಂತ ಕೇಳಿ ಒಬ್ಬ ಪ್ಯಾಸೆಂಜರೂ ಇಳಿದು ಹೋಗ್ಲಿಲ್ಲ.”

ಸಮಿತಿಯವರು ಮಾತು ಬದಲಿಸಿದರು. “ಅದಕ್ಕಲ್ಲ, ನಿಮ್ಮ ಕೈ ನಡುಗುತ್ತಲ್ಲ. ಪ್ರಿಂಟು ಹಾಕ್ಸಿದ್ರೆ ನೀಟಾಗಿರುತ್ತೆ.”

ಕೈ ನಡುಗುವುದು ನಿಜ. ಒಂದು ವರ್ಷದಿಂದ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ. ನನಗೆ ಸಮಿತಿಯ ಮೇಲೆ ಸಿಟ್ಟು ಬಂತು. ಮಾಮು ಎದ್ದು ನಿಂತರು. “ಶನಿವಾರ ಬಂದು ನೋಡಿ. ಸರಿ ಇಲ್ದಿದ್ರೆ ನಿಮ್ಮ ಪ್ರಿಂಟೇ ಹಾಕಿ. ನಾನು ಮತ್ತೆ ಕುಂಚ ಮುಟ್ಟಲ್ಲ.”

ಗರಾಜಿನಲ್ಲಿ ನಾಲ್ಕು ದಿನ ಕೆಲಸ ನಡೆಯಿತು. ಮೈ, ರೆಕ್ಕೆ, ಎಡದ ತಲೆ ಅಚ್ಚುಕಟ್ಟಾಗಿ ಬಂದವು. ಬಲದ ತಲೆಯ ಹೊತ್ತಿಗೆ ಕೈ ಪೂರ್ತಿ ಸೋತಿತು. ಮಾಮು ಕುಂಚವನ್ನು ಹತ್ತು ವರ್ಷದ ಮೊಮ್ಮಗಳಿಗೆ ಕೊಟ್ಟು ಸ್ಟೂಲಿನ ಮೇಲೆ ಕೂತರು. ಅವರಿಂದಾಗಿ ಅವಳಿಗೆ ಬಣ್ಣದ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಯಾವಾಗಲೂ ಇಂಗ್ಲಿಷಿನಲ್ಲಿ.

“ಕೊಕ್ಕು ಬಗ್ಗಿಸು.”

“ಹೌ ಮಚ್, ನಾನಾ?” ಅಜ್ಜನನ್ನು ಅವಳು ಕರೆಯುವುದು ಉರ್ದುವಿನಲ್ಲಿ.

“ಸಿಟ್ಟು ಬಂದಷ್ಟು.”

ಶನಿವಾರ ಸಮಿತಿಯವರು ಬಂದರು. “ಸಾಹೇಬ್ರೆ, ಈ ಬಲಗಡೆ ತಲೆ ಸ್ವಲ್ಪ ಬಾತುಕೋಳಿ ತರ ಇದೆ. ನೀವೇ ಒಂಚೂರು ತಿದ್ದಿಬಿಡಿ, ಆಮೇಲೆ ನಮ್ಮದೇನೂ ತಕರಾರಿಲ್ಲ.”

ಹುಡುಗಿಯ ಮುಖ ಸಣ್ಣದಾಯಿತು. ಮಾಮು ಎದ್ದು ಬಂದು, ನಡುಗುವ ಕೈಯನ್ನು ಅವಳ ಹೆಗಲ ಮೇಲಿಟ್ಟರು.

“ತಿದ್ದಲ್ಲ ಸ್ವಾಮಿ. ಆ ತಲೆ ಮೈಸೂರಲ್ಲಿ ಹುಟ್ಟಿದ್ದು. ಈ ತಲೆ ಇಲ್ಲಿ ಹುಟ್ಟಿದ್ದು. ಮೈ ಒಂದೇ.”

ಸಮಿತಿಯವರು ಇನ್ನೂ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮೊಮ್ಮಗಳು ಕುಂಚವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಅವರನ್ನೇ ನೋಡುತ್ತ, “ತಿದ್ದಲ್ಲ” ಎಂದಳು.

“ಕೇಳಿದ್ರಾ, ಕನ್ನಡ!” ಎಂದು ಮಾಮು ಸಮಿತಿಯವರನ್ನು ಚಹಾಕ್ಕೆ ಕೂರಿಸಿದರು.