ಫರಸಿ ನೆಲಕ್ಕೆ ಸಾರಣೆ

ಮನೆಯ ನೆಲವನ್ನು ಯಾವಾಗ ಸ್ವಚ್ಛ ಎನ್ನಬೇಕು ಎಂಬ ವಿಷಯದಲ್ಲಿ ನನ್ನಷ್ಟು ತಿಳಿದವರು ಶಹಾಬಾದದಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ನಿಜಾಮರ ಕಾಲದಲ್ಲಿ ಅಲ್ಲಿನ ಒಂದು ಫರಸಿ ಕಲ್ಲಿನ ಕಾರ್ಖಾನೆಯಲ್ಲಿ ಕಾರಕೂನನಾಗಿದ್ದೆ. ಖಣಿಯಿಂದ ಬಂದ ಹಾಸುಗಲ್ಲನ್ನು ನೀರು ಹಾಕಿ ಮುಖ ಕಾಣುವಂತೆ ಉಜ್ಜುವುದನ್ನು ದಿನವಿಡೀ ನೋಡಿ ನೋಡಿ, ಹೊಳೆಯದ ನೆಲವೆಲ್ಲ ನನಗೆ ಹೊಲಸಾಗಿ ಕಾಣುತ್ತಿತ್ತು. ನನ್ನ ಪಡಸಾಲೆಗೂ ಅಡುಗೆಮನೆಗೂ ಆರಿಸಿ ಆರಿಸಿ ಫರಸಿ ಹಾಕಿಸಿದ್ದೆ.

ನನ್ನಾಕೆ ದಂಡೋತಿಯ ಒಕ್ಕಲು ಮನೆತನದವಳು. ಬಂದ ದಿನವೇ ಆ ನೆಲವನ್ನು ಅಂಗಾಲಿನಿಂದ ಸವರಿ ನೋಡಿ, ಚೆನ್ನಾಗಿದೆ, ಸಾರಿಸುವುದು ಯಾವಾಗ ಎಂದು ಕೇಳಿದಳು. ಸಗಣಿಯಿಂದ ಸಾರಿಸದ ನೆಲದ ಮೇಲೆ ಅವರ ಮನೆಯಲ್ಲಿ ಊಟದ ತಾಟು ಇಡುವುದಿಲ್ಲವಂತೆ. ನಾನು ಹೊಟ್ಟೆ ತುಂಬ ನಕ್ಕೆ. ನನ್ನ ತಾಯಿಯೂ ಹಾಗೆಯೇ ಮಾಡುತ್ತಿದ್ದಳೆಂಬುದು ಆಗ ನೆನಪಿಗೆ ಬರಲಿಲ್ಲ. ಕೊನೆಗೆ ಅಡುಗೆಮನೆ ಅವಳದು, ಪಡಸಾಲೆ ನನ್ನದು ಎಂದು ರಾಜಿಯಾಯಿತು.

ಹೀಗಿರುವಾಗ ಹೈದರಾಬಾದಿನ ದೊಡ್ಡ ಮನೆತನವೊಂದರ ಮುನ್ಶಿಗಳು ಹೊಸ ಹವೇಲಿಗೆ ಕಲ್ಲು ನೋಡಲು ಬರುವವರಿದ್ದರು. ಹಾಸಿದ ನೆಲವನ್ನೇ ನೋಡಬೇಕು ಎಂದಿದ್ದರು. ನಮ್ಮ ಮಾಲಕರು ನನ್ನನ್ನು ಕರೆದು, "ನಿಮ್ಮ ಪಡಸಾಲಿ ತೋರಸ್ರಿ. ಅವರು ಒಪ್ಪಿದ್ರ ನಿಮ್ಮ ನೌಕರಿ ಕಾಯಂ," ಎಂದರು. ಒಪ್ಪದಿದ್ದರೆ ಏನು ಎಂಬುದನ್ನು ಅವರ ಹುಬ್ಬು ಹೇಳಿತು. ಮೂರು ವರ್ಷ ಹಂಗಾಮಿಯಾಗಿ ಸವೆದಿದ್ದ ನಾನು, ದೊಡ್ಡವರು ಬರುತ್ತಾರೆ, ಪಡಸಾಲೆ ಸ್ವಚ್ಛವಿರಲಿ ಎಂದು ಹೆಂಡತಿಗೆ ಹೇಳಿ ಸ್ಟೇಷನ್ನಿಗೆ ಓಡಿದೆ.

ಮುನ್ಶಿಗಳೊಡನೆ ಹೊಸ್ತಿಲಿಗೆ ಬಂದು ನೋಡಿದರೆ ಪಡಸಾಲೆಯ ತುಂಬ ಹಚ್ಚಗೆ ಸಾರಣೆ, ಅಂಚಿಗೆ ಸುಣ್ಣದ ಕಾರಣೆಯ ಗೆರೆ. ಒಂದು ಕಲ್ಲೂ ಕಾಣುತ್ತಿರಲಿಲ್ಲ. ಇದೇನು ಮಾಡಿದೆ ಎಂದು ಹೆಂಡತಿಯನ್ನು ಮೆಲ್ಲಗೆ ಕೇಳಿದೆ.

"ನೀವೇ ಸ್ವಚ್ಛ ಇರ್ಲಿ ಅಂದ್ರಿ. ದೊಡ್ಡ ಮಂದೀನ ಬರೇ ಕಲ್ಲಿನ ಮ್ಯಾಲ ಕುಂದ್ರಸ್ತಾರೇನ್ರಿ?" ಎಂದಳು. ದನಿಯಲ್ಲಿ ಅಳುಕಿನ ಸುಳಿವೂ ಇಲ್ಲ.

ನಾನು ಧೋತರ ಮೇಲೆ ಕಟ್ಟಿ, ಕೊಡ ನೀರು ಸುರಿದು, ಮುನ್ಶಿಗಳೆದುರಿಗೇ ಮಂಡಿಯೂರಿ ಒಂದು ಮೂಲೆಯನ್ನು ಉಜ್ಜಿದೆ. ಕಲ್ಲು ಹೊಳೆಯಿತು. ಅವರು ಬಾಗಿ ಅದರಲ್ಲಿ ತಮ್ಮ ಗಡ್ಡ ನೋಡಿಕೊಂಡು ನಕ್ಕರು. ಕಲಬುರಗಿಯಲ್ಲಿ ಬೆಳೆದವರಾದ್ದರಿಂದ ಕನ್ನಡ ಸಲೀಸಾಗಿತ್ತು.

"ಪಸಂದ್ ಅದ ನೋಡ್ರಿ. ನಮ್ಮ ಬೇಗಮ್ ಸಾಹೇಬರು ಮಾತ್ರ ಇದರ ತುಂಬ ಗಾಲೀಚಾ ಜಮಖಾನಿ ಹಾಸ್ತಾರ. ಬರೇ ಕಲ್ಲಿನ ಮ್ಯಾಲ ಮೆಹಮಾನರನ್ನ ಕುಂದ್ರಸೂದು ಚಂದಲ್ಲ ಅಂತಾರ."

ಬಾಗಿಲ ಮರೆಯಿಂದ ನನ್ನಾಕೆ ನನ್ನನ್ನು ನೋಡಿದಳು.

ನೌಕರಿ ಕಾಯಂ ಆಯಿತು. ಪಂಚಮಿಗೆ ಅವಳು ತವರಿಗೆ ಹೋದಾಗ, ಅಡುಗೆಮನೆಯೂ ಈಗ ನನ್ನದೇ ಎಂದು ಅಲ್ಲಿಯೂ ಸಾರಣೆಯನ್ನೆಲ್ಲ ತೊಳೆದು ಫರಸಿ ಹೊಳೆಸಿದೆ. ರೊಟ್ಟಿಯ ತಾಟು ಹಿಡಿದು ಊಟಕ್ಕೆ ಕುಳಿತೆ. ಯಾಕೋ ಅದನ್ನು ನೆಲಕ್ಕಿಡಲು ಕೈ ಬರಲಿಲ್ಲ. ಎರಡು ದಿನ ತೊಡೆಯ ಮೇಲಿಟ್ಟುಕೊಂಡೇ ಉಂಡೆ. ಮೂರನೆಯ ದಿನ ಬೆಳಿಗ್ಗೆ ಬುಟ್ಟಿ ಹಿಡಿದು ನೆರೆಮನೆಯ ಆಕಳ ಹಿಂದೆ ಕಾಯುತ್ತ ನಿಂತಿದ್ದಾಗ, ಇದೇನು ಕಾರಕೂನರೇ ಎಂದು ಆ ಮನೆಯ ಯಜಮಾನರು ಕೇಳಿದರು.

"ಏನ್ ಮಾಡೂದ್ರಿ," ಎಂದೆ, "ನಮ್ಮ ಮನ್ಯಾಕಿ ಹಟ ಭಾಳ."