ಸತ್ತ ಘಟಸರ್ಪ ಮತ್ತೆ ಕೆಲಸಕ್ಕೆ ಹಾಜರಾದ ಬಗ್ಗೆ

ಬೆಂಕಿಯುಗುಳುವುದರಲ್ಲಿ ಅದ್ವಿತೀಯರೂ, ಎರಡೇ ರೆಕ್ಕೆಗಳಿಂದ ಇಡೀ ಪರದೆಯನ್ನು ತುಂಬಬಲ್ಲವರೂ, ‘ಏಳು ಶಿಖರಗಳ ಕಿರೀಟ’ ಚಿತ್ರದ ಮೊದಲ ಭಾಗದಲ್ಲಿ ದಿವಂಗತರಾಗಿ ಎರಡನೆಯ ಭಾಗದಲ್ಲಿ ಲವಲವಿಕೆಯಿಂದಿರುವವರೂ ಆದ ಮಾನ್ಯ ಘಟಸರ್ಪ ಮಹಾಶಯರೇ,

ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ; ಕಳೆದ ಭಾನುವಾರ ಚಿತ್ರಮಂದಿರದಲ್ಲಿ ಮೊಮ್ಮಗಳ ಪಕ್ಕ ಕೂತು ಕಣ್ಣಾರೆ ಕಂಡಿದ್ದೇನೆ. ನನ್ನ ದೂರು ಇರುವುದೇ ತಮ್ಮ ಕ್ಷೇಮದ ಮೇಲೆ.

ನಾನು ಜನನ-ಮರಣ ನೋಂದಣಿ ಕಚೇರಿಯ ಮರಣದ ಕಿಟಕಿಯಲ್ಲಿ ಮೂವತ್ತನಾಲ್ಕು ವರ್ಷ ಕೂತು ನಿವೃತ್ತನಾದವನು. ನಾನು ಬರೆದ ಮೇಲೆ ಯಾರೊಬ್ಬರೂ ಎದ್ದು ಬಂದು ತಕರಾರು ತೆಗೆದ ಉದಾಹರಣೆಯಿಲ್ಲ. ಮೂರು ವರ್ಷದ ಹಿಂದೆ ನಾಯಕನ ಈಟಿ ತಮ್ಮ ಎಡಗಣ್ಣಿಗೆ ಹೊಕ್ಕು ತಾವು ಪ್ರಪಾತಕ್ಕೆ ಬಿದ್ದಾಗ, ನಾಲ್ಕು ವರ್ಷದ ಮೊಮ್ಮಗಳು ಎರಡು ದಿನ ಊಟ ಬಿಟ್ಟಳು. ಅವಳ ಸಮಾಧಾನಕ್ಕೆಂದು ತಮ್ಮ ರೂಪದ ಹಸಿರು ರಬ್ಬರ್ ಗೊಂಬೆಯನ್ನು ತಾರಸಿಯ ದೊಡ್ಡ ಕುಂಡದಲ್ಲಿ ಗೌರವದಿಂದ ಹೂಳಿ, ಮರಣ ಪ್ರಮಾಣಪತ್ರವನ್ನೂ ಬರೆದುಕೊಟ್ಟೆ. ಮೃತರ ಉದ್ಯೋಗ: ಬೆಂಕಿಯುಗುಳುವುದು. ಕಾರಣ: ಈಟಿ. ಸಹಿ: ಅಜ್ಜ. ಅದನ್ನವಳು ಇಂದಿಗೂ ಪೆನ್ಸಿಲ್ ಡಬ್ಬಿಯಲ್ಲಿ ಮಡಿಸಿಟ್ಟುಕೊಂಡಿದ್ದಾಳೆ.

ಈಗ ತಾವು ಎರಡೂ ಕಣ್ಣು ಪಿಳಿಪಿಳಿಸುತ್ತ ಮೋಡದಿಂದ ಇಳಿದಿರಿ. ಎಲ್ಲರೂ ಸಿಳ್ಳೆ ಹೊಡೆದರು. ಮೊಮ್ಮಗಳು ಮಾತ್ರ ನನ್ನತ್ತ ತಿರುಗಿ, “ಅಜ್ಜಾ, ಬದುಕಿರೋವಾಗ್ಲೇ ಹೂತುಬಿಟ್ವಾ?” ಎಂದಳು. ಅಂದಿನಿಂದ ನನ್ನೊಡನೆ ಮಾತಿಲ್ಲ. ಏನಿದ್ದರೂ ಅಜ್ಜಿಯ ಮೂಲಕ: “ಆ ಸುಳ್ಳು ಸರ್ಟಿಫಿಕೇಟ್ ಅಜ್ಜನಿಗೆ ಕನ್ನಡಕ ಎಲ್ಲಿದೆ ಅಂತ ಹೇಳಜ್ಜಿ.”

ಚಿತ್ರ ಕೆಟ್ಟದ್ದೆಂದು ನಾನು ಹೇಳಲಾರೆ. ತಾವು ಸೇತುವೆಯನ್ನು ಬಾಲದಿಂದ ಎತ್ತಿ ಒಗೆದಾಗ ನನ್ನ ಚಪ್ಪಲಿ ಮುಂದಿನ ಸಾಲಿಗೆ ಹೋಯಿತು. ನಿರ್ಮಾಪಕರು ಹಣವನ್ನು ನೀರಿನಂತೆ ಚೆಲ್ಲಿದ್ದು ಪ್ರವಾಹದ ದೃಶ್ಯದಲ್ಲಿ ಚೆನ್ನಾಗಿ ಕಾಣುತ್ತದೆ. ಅದರಲ್ಲಿ ಮುಳುಗೆದ್ದ ನಾಯಕನ ಕ್ರಾಪು ಮಾತ್ರ ಒದ್ದೆಯಾಗದಿರುವುದು ಆ ಕ್ರಾಪಿನ ದೊಡ್ಡತನ. ಅರಮನೆಯ ಸಭೆ ನಲವತ್ತು ನಿಮಿಷ ನಡೆದು ಯಾವ ತೀರ್ಮಾನಕ್ಕೂ ಬಾರದಿದ್ದಾಗ, ನನಗೆ ನಮ್ಮ ಕಚೇರಿಯ ನೆನಪಾಗಿ ಕಣ್ಣು ತುಂಬಿ ಬಂತು. ಕೊನೆಗೆ ನಾಯಕನನ್ನು ಬಂಡೆಗೆ ನೇತುಹಾಕಿ ಮೂರನೆಯ ಭಾಗಕ್ಕೆ ಬನ್ನಿ ಎಂದರು. ಹೋಗಲಿ, ಗಾಳಿಯಾಡುವ ಜಾಗ.

ಆದರೆ ತಮ್ಮ ಮರುಜನ್ಮಕ್ಕೊಂದು ಕಾರಣ ಬೇಡವೇ? ನಾನು ಓದಿದ ಕಥೆಗಳಲ್ಲಿ ರಕ್ಕಸ ಸಾಯಬಾರದೆಂದಿದ್ದರೆ ಅವನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿರುತ್ತಿತ್ತು. ತಾವು ಒಂದು ಗುಬ್ಬಿಯನ್ನೂ ತೋರಿಸಲಿಲ್ಲ. ನಾನಾದರೋ ಒಮ್ಮೆಯೂ ಸತ್ತವನಲ್ಲ. ಆದರೂ ಪಿಂಚಣಿಗಾಗಿ ವರ್ಷಕ್ಕೊಮ್ಮೆ ಕಚೇರಿಗೆ ಹೋಗಿ, ಬದುಕಿದ್ದೇನೆಂದು ಹೆಬ್ಬೆಟ್ಟು ಒತ್ತಿ ಬರುತ್ತೇನೆ.

ಆದ್ದರಿಂದ ತಾವು ದಯಮಾಡಿ ಜೀವಿತ ಪ್ರಮಾಣಪತ್ರದೊಂದಿಗೆ ನಮ್ಮ ತಾರಸಿಗೆ ಬಂದು (ಬಟ್ಟೆ ಒಣಗಿಸಿದ್ದೇವೆ, ಉಸಿರು ಬಿಗಿಹಿಡಿದು ಇಳಿಯುವುದು) ಅಜ್ಜ ಸುಳ್ಳುಗಾರನಲ್ಲವೆಂದು ಮೊಮ್ಮಗಳಿಗೆ ತಿಳಿಹೇಳಬೇಕು. ಇಲ್ಲವೇ ಈಗಿಂದೀಗಲೇ ಸತ್ತು ಸಹಕರಿಸಬೇಕು. ಗೊಂಬೆಯನ್ನು ಅಗೆದು ತೆಗೆಯೋಣವೆಂದರೆ ಆ ಕುಂಡದಲ್ಲೀಗ ಮನೆಯವಳ ಮೆಣಸಿನ ಗಿಡವಿದೆ. “ಗಿಡಕ್ಕೆ ಕೈ ಹಾಕಿದ್ರೆ ಅದರ ಪಕ್ಕದಲ್ಲೇ ನಿಮ್ಮನ್ನೂ ಹೂಳ್ತೀನಿ” ಎಂದಿದ್ದಾಳೆ. ಪ್ರಮಾಣಪತ್ರ ಬರೆಯುವವರು ಯಾರೆಂಬುದೇ ಚಿಂತೆ.

ತಮ್ಮ ಮರಣದ ವಿಷಯದಲ್ಲಿ ಇಂದಿಗೂ
ತಮ್ಮ ವಿಶ್ವಾಸಿ,
ಮರಣದ ಕಿಟಕಿಯ ನಿವೃತ್ತ ಗುಮಾಸ್ತ

ತಾ.ಕ.: ಮನೆಯವಳು ತಂಗಿಯ ಮನೆಗೆ ಹೋದ ಸಮಯ ನೋಡಿ, ಇಂದು ಕುಂಡ ಅಗೆದೆವು. ಗೊಂಬೆ ಸಿಕ್ಕಿತು, ಹೊಟ್ಟೆಯೊಳಗೆಲ್ಲ ಬೇರು. ಮೊಮ್ಮಗಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದು ಸತ್ತಿದೆ ಅಜ್ಜಾ. ನೀನು ಸರಿಯಾಗೇ ಬರೆದಿದ್ದೆ. ಸಿನಿಮಾಕ್ಕೆ ಬಂದಿದ್ದು ಬೇರೆ ಯಾರೋ” ಎಂದು ತೀರ್ಪಿತ್ತಳು. ಆದ್ದರಿಂದ, ಮೃತರ ಹೆಸರಿನಲ್ಲಿ ಕೆಲಸ ಮಾಡುತ್ತಿರುವ ತಾವು ಯಾರೆಂಬುದನ್ನು ಏಳು ದಿನಗಳೊಳಗೆ ಲಿಖಿತವಾಗಿ ತಿಳಿಸತಕ್ಕದ್ದು. ಮೆಣಸಿನ ಗಿಡ ಬಾಡಿ ಮಲಗಿದೆ. ಮನೆಯವಳು ಸಂಜೆ ಬರುತ್ತಾಳೆ. ಬೆಂಕಿಯುಗುಳುವುದನ್ನು ಸರಿಯಾಗಿ ಕಲಿಯುವ ಆಸೆಯಿದ್ದರೆ ತಾವು ಆ ಹೊತ್ತಿಗೆ ಬಂದು ನೋಡಿಹೋಗಬಹುದು.